ಹೋದ ವರ್ಷದ ಒಂದು ಸೌಟು

ಗೂಡ್ಸ್ ಶೆಡ್ಡಿನ ಹಿಂಗೋಡೆಯ ಮೇಲೆ ಹಬ್ಬಿರುವ ಕಾಡುದ್ರಾಕ್ಷಿ ಬಳ್ಳಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ರೈಲ್ವೆಯವರು ವರ್ಷಕ್ಕೊಮ್ಮೆ ಕತ್ತಿ ಹಿಡಿದು ಬಂದು ಬೋಳಿಸಿ ಹೋಗುತ್ತಾರೆ, ಅದು ಮತ್ತೆ ಹಬ್ಬುತ್ತದೆ. ಹಣ್ಣು ಬಿಟ್ಟರೂ ಹಕ್ಕಿ ಕೂಡ ಮೂಸುವುದಿಲ್ಲ, ಅಷ್ಟು ಒಗರು. ಆದರೆ ಬಿಸಿಲು ಬಲಿಯುವ ಮುಂಚೆ ಅದರ ಚಿಗುರನ್ನು ಬಿಸಿನೀರಿನಲ್ಲಿ ನೆನೆಹಾಕಿದರೆ ಎಂಥ ಪರಿಮಳ ಬರುತ್ತದೆ ಎಂಬುದು ಆ ಬೀದಿಯಲ್ಲಿ ಒಂದೇ ಮನೆಗೆ ಗೊತ್ತಿತ್ತು. ಆ ಮನೆಯವರು ಆ ಭಾನುವಾರ ಬೆಳಿಗ್ಗೆ ಹಳೆಯ ದಿಂಬಿನ ಚೀಲಗಳನ್ನು ಹಿಡಿದು ಬಂದಿದ್ದರು. ಅಜ್ಜಿ, ಬಸ್ ಓಡಿಸುವ ಮಗ, ಬೇಕರಿಯಲ್ಲಿ ಹಿಟ್ಟು ನಾದುವ ಸೊಸೆ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಮೊಮ್ಮಗಳು. ಮೊಮ್ಮಗಳು ಮಾತಿಗೆ ಶುರುಮಾಡಿದರೆ ನಿಲ್ಲಿಸುವುದು ಕಷ್ಟ, ಹಾಗಾಗಿ ಮನೆಯಲ್ಲಿ ಅವಳಿಗೆ ಗಿಣಿ ಎಂದೇ ಹೆಸರು.

"ತುದಿಯಿಂದ ಮೂರೆಲೆ. ನಾಲ್ಕನೇದು ಮುಟ್ಟಿದ್ರೆ ಕೈ ಮೇಲೆ ಬಾರಿಸ್ತೀನಿ," ಎಂದಳು ಅಜ್ಜಿ.

"ಅಮ್ಮ, ನನಗೆ ಐವತ್ತಾಯ್ತು."

"ಗೊತ್ತು, ಹೆತ್ತಿದ್ದು ನಾನೇ. ನಾಲ್ಕನೇದು ಬೇಡ."

"ಅಂಗಡಿಗೆ ಹೋದ್ರೆ ಸೀಲ್ ಹಾಕಿದ ವೈನ್ ಸಿಗುತ್ತೆ. ವಾರಕ್ಕೊಂದು ರಜ, ಅದರಲ್ಲೂ ನಾನಿಲ್ಲಿ ಮೇಕೆ ಥರ ಎಲೆ ಕೀಳ್ತಾ ನಿಂತಿದೀನಿ."

"ಅಂಗಡೀಲಿ ಸೀಲ್ ಹಾಕಿದ ಅಮ್ಮನೂ ಸಿಕ್ತಾಳೇನೋ ಕೇಳ್ಕೊಂಡು ಬಾ," ಎಂದಳು ಅಜ್ಜಿ. ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಎಲೆ ಕೀಳದವರಿಗೆ ಲೋಟ ಮುಟ್ಟುವ ಹಕ್ಕಿಲ್ಲ ಎಂಬುದು ಆ ಮನೆಯ ಕಾನೂನು. ಅಜ್ಜಿಯ ಅತ್ತೆಯ ಕಾಲದಿಂದ ನಡೆದುಬಂದದ್ದು. ಜ್ವರ ಬಂದರೂ ಒಂದು ಹಿಡಿ ಕಿತ್ತು ಹೋಗಬೇಕು. ಆ ಚಳಿಗಾಲದಲ್ಲಿ ಅಜ್ಜಿಗೇ ಜ್ವರ ಬಂದು ವಾರಗಟ್ಟಲೆ ಮಲಗಿದ್ದಳು. ಈಗ ಎದ್ದು ಓಡಾಡುತ್ತಿದ್ದರೂ ಕೆನ್ನೆ ಇಳಿದುಹೋಗಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಗಿಣಿಗೆ ಇನ್ನೊಂದು ವ್ಯತ್ಯಾಸವೂ ಕಂಡಿತು. ಪ್ರತಿ ವರ್ಷ ಅಜ್ಜಿ ಮೊದಲ ಎಲೆಯನ್ನು ಅಂಗೈಯಲ್ಲಿ ಹೊಸಕಿ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಹೂಂ, ಕೀಳಿ" ಅನ್ನುತ್ತಿದ್ದಳು. ಈ ಸಲ ಹೊಸಕಿದ ಎಲೆಯನ್ನು ಗಿಣಿಯ ಮೂಗಿಗೆ ಹಿಡಿದಳು.

"ನೀನು ಹೇಳು. ನಿನ್ನ ಮೂಗು ಹೊಸದು."

"ಚೆನ್ನಾಗಿದೆ ಅಜ್ಜಿ. ನಿಂಬೆ ಸಿಪ್ಪೆ ಥರ."

"ಹೂಂ, ಕೀಳಿ," ಎಂದಳು ಅಜ್ಜಿ.

ಜ್ವರದಲ್ಲಿ ಅಜ್ಜಿಯ ಮೂಗೂ ನಾಲಿಗೆಯ ರುಚಿಯೂ ಹೋಗಿದೆ ಎಂಬ ಗುಮಾನಿ ಮನೆಯವರಿಗೆ ಆಗಲೇ ಬಂದಿತ್ತು. ಒಂದು ಸಂಜೆ ಒಲೆಯ ಪಕ್ಕದಲ್ಲೇ ಕೂತು ಬಟಾಣಿ ಬಿಡಿಸುತ್ತಿದ್ದವಳಿಗೆ ಹಾಲು ಸೀದು ಮನೆಯೆಲ್ಲ ಕಮಟು ವಾಸನೆ ಹಬ್ಬಿದ್ದು ಗೊತ್ತಾಗಿರಲಿಲ್ಲ. ಸೊಸೆ ಓಡಿಬಂದು ಪಾತ್ರೆ ಇಳಿಸಿದಾಗ, "ನಾನೇ ಇಳಿಸೋಣ ಅಂತಿದ್ದೆ," ಎಂದಿದ್ದಳು. ಆಮೇಲೆ ಊಟದಲ್ಲಿ ಉಪ್ಪು ಕಮ್ಮಿ ಅನ್ನುವುದನ್ನು ನಿಲ್ಲಿಸಿದಳು. ಮೂವತ್ತು ವರ್ಷ ಸಂಸಾರ ಮಾಡಿದ ಸೊಸೆಗೆ ಅದಕ್ಕಿಂತ ದೊಡ್ಡ ರುಜುವಾತು ಬೇಕಿರಲಿಲ್ಲ. ಯಾರೂ ಅಜ್ಜಿಯನ್ನು ಕೇಳಲಿಲ್ಲ. ಅಜ್ಜಿಯೂ ಹೇಳಲಿಲ್ಲ. ಡಾಕ್ಟರು ಬೇರೆ, ಮನಸ್ಸಿಗೆ ನೋವಾಗದ ಹಾಗೆ ನೋಡಿಕೊಳ್ಳಿ ಎಂದುಬಿಟ್ಟಿದ್ದರು. ಅದೊಂದು ಮಾತನ್ನು ಮನೆಯವರು ಔಷಧಿಗಿಂತ ಶ್ರದ್ಧೆಯಿಂದ ಪಾಲಿಸಿದರು.

ಮನೆಗೆ ಬಂದು ಎಲೆ ತೊಳೆದು, ದೊಡ್ಡ ಹಂಡೆಯಲ್ಲಿ ಹಾಕಿ, ಕುದಿನೀರು ಸುರಿದು ಮುಚ್ಚಿಟ್ಟರು. ಎಲೆ ಎರಡು ದಿನ ನೆನೆಯಬೇಕು. ಆಮೇಲೆ ಸೋಸಿ, ಸಕ್ಕರೆ ಕದಡಿ, ನಿಂಬೆರಸ ಹಿಂಡಿ, ಜಾಡಿಗಳಿಗೆ ತುಂಬಬೇಕು. ಕೊನೆಗೆ ಪ್ರತಿ ಜಾಡಿಗೂ ಹಿಂದಿನ ವರ್ಷದ ವೈನನ್ನು ತಳದ ಗಸಿ ಸಮೇತ ಕದಡಿ ಒಂದೊಂದು ಸೌಟು ಹಾಕಬೇಕು. ಮಾರನೇ ದಿನಕ್ಕೆ ಹೊಸ ಜಾಡಿ ಗುಳುಗುಳು ಅನ್ನಲು ಶುರುಮಾಡುತ್ತದೆ. ಹಾಲಿಗೆ ಹೆಪ್ಪು ಹಾಕುವ ಹಾಗೆ. ಹೋದ ವರ್ಷದ ಸೌಟಿನಲ್ಲಿ ಅದಕ್ಕೂ ಹಿಂದಿನ ವರ್ಷದ್ದಿತ್ತು, ಅದರಲ್ಲಿ ಅದಕ್ಕೂ ಹಿಂದಿನದ್ದು. ಅಜ್ಜಿ ಮದುವೆಯಾಗಿ ಬಂದಾಗ ಅವಳ ಅತ್ತೆ ಹಾಕಿದ ಸೌಟು ಹೀಗೆ ಜಾಡಿಯಿಂದ ಜಾಡಿಗೆ ದಾಟುತ್ತಾ ಇನ್ನೂ ಮನೆಯಲ್ಲಿತ್ತು.

ಸೌಟು ಹಾಕುವ ಮುಂಚೆ ಹಿಂದಿನ ವರ್ಷದ್ದನ್ನು ಎಲ್ಲರೂ ಕುಡಿದು ನೋಡಬೇಕು. ಮಾಡಿದವಳು ಮಾತ್ರ ಬಾಯಿಗೆ ಹಾಕುವಂತಿಲ್ಲ, ಉಳಿದವರ ಮಾತು ಮುಗಿಯುವ ತನಕ ಕಾಯಬೇಕು. ಮಾಡಿದವಳಿಗೆ ತನ್ನದು ಯಾವಾಗಲೂ ಚೆನ್ನಾಗಿಯೇ ಇರುತ್ತದೆ ಎಂದು ಅತ್ತೆ ಮಾಡಿದ್ದ ನಿಯಮ.

ಮಂಗಳವಾರ ಸಂಜೆ ಎಲ್ಲರೂ ಕೆಲಸದಿಂದ ಬಂದ ಮೇಲೆ ಅಜ್ಜಿ ಮೆಟ್ಟಿಲ ಕೆಳಗಿನ ಕತ್ತಲೆ ಗೂಡಿನಿಂದ ಹೋದ ವರ್ಷದ ಜಾಡಿ ತರಿಸಿದಳು. ಬಾಯಿಗೆ ಕಟ್ಟಿದ್ದ ಬಟ್ಟೆ ಒಂದು ಕಡೆ ಸಡಿಲವಾಗಿ ಜೋತುಬಿದ್ದಿತ್ತು. ಸೊಸೆ ಅದನ್ನು ನೋಡಿದಳು. ಅಜ್ಜಿ ಮಲಗಿದ್ದ ಆ ವಾರಗಳಲ್ಲಿ ಗಾಳಿ ಹೊಕ್ಕು ವೈನು ಹುಳಿಯಾಗದಂತೆ ಬಟ್ಟೆ ಬಿಗಿಮಾಡುವ ಕೆಲಸ ಅವಳ ಪಾಲಿಗಿತ್ತು. ಬೇಕರಿ, ಆಸ್ಪತ್ರೆ, ಅಡುಗೆಮನೆ ಎಂದು ಓಡಾಡುವಾಗ ಜಾಡಿಯ ನೆನಪು ಯಾರಿಗೆ? ಅಜ್ಜಿ ಬಗ್ಗಿ ನೋಡುವ ಮುಂಚೆ ಸೊಸೆ ಬಟ್ಟೆಯನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೊದಲು ಮಗ ಕುಡಿದ. ನಾಲಿಗೆಗೆ ಬಿದ್ದ ಕೂಡಲೇ ಹಲ್ಲು ಜುಮ್ಮೆಂದು ಕಿವಿಯ ತನಕ ಹರಿಯಿತು. ಅಪ್ಪಟ ವಿನೆಗರ್. ಉಗುಳಲು ಸಿಂಕಿನ ಕಡೆ ತಿರುಗಿದವನು ತಾಯಿಯ ಮುಖ ನೋಡಿದ. ಅವಳು ಎರಡೂ ಕೈಯಲ್ಲಿ ಸೌಟು ಹಿಡಿದುಕೊಂಡು, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಅವನನ್ನೇ ನೋಡುತ್ತಿದ್ದಳು. ಅವನು ನುಂಗಿದ.

"ಹೇಗಿದೆಯೋ?"

"ಹೋದ ಸಲಕ್ಕಿಂತ ಚೆನ್ನಾಗಿದೆ," ಎಂದುಬಿಟ್ಟ.

ಚೆನ್ನಾಗಿದೆ ಎಂದಷ್ಟೇ ಅಂದಿದ್ದರೆ ಒಂದು ಮಾತು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೇಳಲು ಹೊರಟರೆ ಹೀಗೇ, ಬೇಕಾದದ್ದಕ್ಕಿಂತ ಎರಡು ಹಿಡಿ ಹೆಚ್ಚು ಸುರಿಯುತ್ತಾರೆ. ಆಮೇಲೆ ಕುಡಿದ ಸೊಸೆ ಗಂಡನನ್ನು ನೋಡಿದಳು. ಗಂಡ ಕಣ್ಣಲ್ಲೇ ಬೇಡಿಕೊಂಡ. "ಹೌದು, ಪರಿಮಳ ಜಾಸ್ತಿ," ಎಂದಳು. ಗಿಣಿಯ ಸರದಿ ಬಂದಾಗ ಅವಳು ಅಪ್ಪ ಅಮ್ಮನ ಮುಖ ನೋಡಿ, ಮಾತೇ ಬಾರದವಳಂತೆ ತಲೆಯಾಡಿಸಿದಳು.

"ಗಿಣಿಗೇ ಮಾತು ನಿಂತುಹೋಗಿದೆ ಅಂದ್ರೆ ಬಲೇ ಚೆನ್ನಾಗಿರಬೇಕು," ಎಂದು ಅಜ್ಜಿ ತಾನೂ ಒಂದು ಗುಟುಕು ಕುಡಿದು, ತುಟಿ ಒರೆಸಿಕೊಂಡು, "ಹೂಂ," ಎಂದಳು. ಜಾಡಿಯ ತಳ ಕದಡಿ ಸೌಟು ಅದ್ದಿದಳು.

ಸೊಸೆ ಜಾಡಿಯ ಹತ್ತಿರ ಬಂದಳು. ದಿನವೂ ಹಿಟ್ಟು ಹುದುಗಿಸುವವಳಿಗೆ ಆ ಸೌಟು ಏನು ಮಾಡುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು.

"ಅತ್ತೆ, ಈ ಸಲ ಸೌಟು ಬೇಡ. ಬೇಕರಿಯಿಂದ ಯೀಸ್ಟ್ ತರ್ತೀನಿ, ಅದನ್ನೇ ಹಾಕೋಣ."

ಅಜ್ಜಿಯ ಕೈ ಗಾಳಿಯಲ್ಲೇ ನಿಂತಿತು. "ಯಾಕೆ? ಚೆನ್ನಾಗಿಲ್ವಾ?"

 ಮಗ ಲೋಟದ ತಳ ನೋಡುತ್ತಿದ್ದ.

"ನಿಜ ಹೇಳು. ಚೆನ್ನಾಗಿಲ್ಲದಿದ್ರೆ ಹೇಳಿಬಿಡು, ಹಳೇ ಬಾಟಲಿ ಇದೆ, ಅದರದ್ದು ಹಾಕ್ತೀನಿ."

ನಿಜ ಹೇಳಲು ಬಾಗಿಲು ಅಷ್ಟು ಅಗಲವಾಗಿ ತೆರೆದಿತ್ತು. ಸೊಸೆ ಒಳಗೆ ಕಾಲಿಡಲಿಲ್ಲ. ಹೇಳಿದರೆ ಗಂಡ ಸುಳ್ಳನಾಗುತ್ತಾನೆ, ಬಟ್ಟೆ ಬಿಗಿಮಾಡದ ತಾನು ತಪ್ಪಿತಸ್ಥಳಾಗುತ್ತಾಳೆ, ಮುದುಕಿಯ ಮುಖ ಬಾಡುತ್ತದೆ. "ಚೆನ್ನಾಗಿದೆ ಅತ್ತೆ. ಸುಮ್ನೆ ಹೇಳ್ದೆ," ಎಂದಳು. ಸೌಟು ಒಂದಾದ ಮೇಲೊಂದು ಜಾಡಿಗೆ ಬಿತ್ತು. ಎಲ್ಲ ಜಾಡಿಗೂ ಬಿತ್ತು.

"ಹಾಗಾದ್ರೆ ಹಳೇ ಬಾಟಲಿ ಇಟ್ಟು ಏನು ಮಾಡಲಿ," ಎಂದು ಅಜ್ಜಿ ಉತ್ಸಾಹದಿಂದ ಗೂಡಿಗೆ ಕೈಹಾಕಿ ಅದರ ಹಿಂದಿನ ವರ್ಷದ ಮೂರು ಬಾಟಲಿ ತೆಗೆದಳು. "ಡಿಪೋದಲ್ಲಿ ನಿನ್ನ ಸ್ನೇಹಿತರಿಗೆ ಕೊಡು. ನಾನು ಮಲಗಿದ್ದಾಗ ನಿನ್ನ ಡ್ಯೂಟಿ ಎಲ್ಲ ಅವರೇ ಮಾಡಿದ್ರಲ್ಲ."

ಆ ಮೂರು ಬಾಟಲಿ ಚಿನ್ನದಂತಿದ್ದವು. ಮಗ ಅವನ್ನು ಡಿಪೋಗೆ ಒಯ್ದ, ಸ್ನೇಹಿತರೊಂದಿಗೆ ಕೂತು ತಾನೂ ಒಂದು ಲೋಟ ಕುಡಿದ. ಮನೆಯಲ್ಲಿ ಸಿಗದ ಒಳ್ಳೆಯ ವೈನು ಡಿಪೋದಲ್ಲಿ ಸಿಕ್ಕಿತು ಎಂದು ಸಂತೋಷವೇ ಆಯಿತು ಅವನಿಗೆ. ಅದನ್ನು ನೆನೆದು ಅವನು ಮುಂದೆ ಎಷ್ಟು ಸಲ ತನ್ನ ಹಣೆ ಚಚ್ಚಿಕೊಂಡನೋ!

ಮುಂದಿನ ಭಾನುವಾರ ಅಜ್ಜಿ ಮಧ್ಯಾಹ್ನದ ನಿದ್ದೆಗೆ ಹೋದಾಗ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದಿನ ಮರೆಯಲ್ಲಿ ಜಗಳ ಶುರುವಾಯಿತು.

"ಹೋದ ಸಲಕ್ಕಿಂತ ಚೆನ್ನಾಗಿದೆ! ಯಾರು ಕೇಳಿದ್ರು ನಿಮ್ಮನ್ನ ಹೋದ ಸಲದ್ದು?" ಎಂದಳು ಸೊಸೆ.

"ನೀನು ಪರಿಮಳ ಅಂದೆಯಲ್ಲ. ಅದನ್ನ ಯಾರು ಕೇಳಿದ್ರು?"

"ಎಲ್ಲ ಜಾಡಿ ಕೆಡುತ್ತೆ. ಅಷ್ಟು ಸಕ್ಕರೆ, ಅಷ್ಟು ಕೆಲಸ."

"ಕೆಡಲಿ. ಅವಳಿಗೆ ಹೇಗೂ ರುಚಿ ಗೊತ್ತಾಗಲ್ಲ. ನಾವು ಚೆನ್ನಾಗಿದೆ ಅಂದ್ರೆ ಅವಳ ಪಾಲಿಗೆ ಚೆನ್ನಾಗಿರುತ್ತೆ. ಜ್ವರದಿಂದ ಎದ್ದು ಬಂದಿದಾಳೆ ಕಣೇ, ಇರೋದೊಂದು ಖುಷಿ."

"ಅಪ್ಪ, ನನ್ನ ಹುಡುಗನ ಮನೆಯವರು ಊಟಕ್ಕೆ ಬಂದಾಗ ಅಜ್ಜಿ ಇದನ್ನೇ ಕೊಡ್ತಾರೆ," ಎಂದಳು ಗಿಣಿ.

ಪಾತ್ರೆಯ ಸದ್ದು ನಿಂತಿತು. ಗಿಣಿ ತನ್ನ ಅಂಗಡಿಯಲ್ಲೇ ಕೆಲಸ ಮಾಡುವ ಹುಡುಗನನ್ನು ಒಪ್ಪಿದ್ದಳು. ಅವನ ಅಪ್ಪ ಅಮ್ಮ ಮೊದಲ ಸಲ ಮನೆಗೆ ಬರುವುದಿತ್ತು.

"ಅವತ್ತಿಗೆ ನಾನು ಅಂಗಡಿಯಿಂದ ಒಂದು ಬಾಟಲಿ ತಂದು ಬಚ್ಚಿಡ್ತೀನಿ. ಹೂಜಿಗೆ ಅದನ್ನ ಸುರಿದ್ರಾಯ್ತು, ಅಮ್ಮನಿಗೆ ಯಾವುದೂ ಒಂದೇ," ಎಂದ ಮಗ. ಒಂದು ಸುಳ್ಳಿನ ಬೆನ್ನಿಗೆ ಇನ್ನೊಂದನ್ನು ಹೊಲಿದಾಗ ಮನುಷ್ಯನಿಗೆ ಎಷ್ಟು ನೆಮ್ಮದಿಯೋ, ಆ ಮಧ್ಯಾಹ್ನ ಅವನು ಗೊರಕೆ ಹೊಡೆದು ಮಲಗಿದ.

ಜಾಡಿಗಳು ಗುಳುಗುಳು ಅಂದವು, ಆಮೇಲೆ ಸುಮ್ಮನಾದವು. ವಾರಗಳು ಕಳೆದ ಹಾಗೆ ಮೆಟ್ಟಿಲ ಕೆಳಗಿನಿಂದ ಒಂದು ಚುಚ್ಚುವ ವಾಸನೆ ಎದ್ದು ನಡುಮನೆ ದಾಟಿ ಬೀದಿಗೂ ಬಂತು. ಅಜ್ಜಿಯೊಬ್ಬಳಿಗೆ ಬಿಟ್ಟು ಮಿಕ್ಕವರಿಗೆಲ್ಲ ಅದು ತಿಳಿಯುತ್ತಿತ್ತು. ಸೊಸೆ ಕಿಟಕಿ ತೆಗೆದಿಟ್ಟಳು, ಈರುಳ್ಳಿ ಹುರಿದಳು, ಕಾಫಿ ಪುಡಿಯನ್ನು ತಟ್ಟೆಯಲ್ಲಿಟ್ಟಳು.

ಎದುರುಮನೆಯ ಟೈಲರಿಗೆ ಮಾತ್ರ ದಾಕ್ಷಿಣ್ಯವಿರಲಿಲ್ಲ. ಅವನಿಗೂ ಅಜ್ಜಿಗೂ ಹಳೆಯ ಜಟಾಪಟಿ. ಅಜ್ಜಿಯ ಗಂಡನ ಒಂದೇ ಒಂದು ಒಳ್ಳೆಯ ಕೋಟಿನ ತೋಳನ್ನು ಅವನು ಗಿಡ್ಡ ಹೊಲಿದಿದ್ದ. ಗಂಡ ತೀರಿಕೊಂಡು ಎಷ್ಟೋ ವರ್ಷವಾದರೂ ಅಜ್ಜಿ ಆ ತೋಳನ್ನು ಕ್ಷಮಿಸಿರಲಿಲ್ಲ. ತೋಳು ಸರಿಯಾಗಿಯೇ ಇತ್ತು, ಕೈಯೇ ಉದ್ದ ಎಂದು ಟೈಲರ್ ಇವತ್ತಿಗೂ ವಾದಿಸುತ್ತಿದ್ದ.

"ಏನಮ್ಮಾ, ನಿಮ್ಮನೇಲಿ ಉಪ್ಪಿನಕಾಯಿ ಕಾರ್ಖಾನೆ ಇಟ್ರಾ? ಹುಳಿ ವಾಸನೆಗೆ ನನ್ನ ಗಿರಾಕಿಗಳೆಲ್ಲ ಮೂಗು ಮುಚ್ಕೋತಾರೆ," ಎಂದು ಒಂದು ಬೆಳಿಗ್ಗೆ ಹೊಲಿಗೆ ಮೆಷಿನ್ ಹಿಂದಿನಿಂದಲೇ ಕೂಗಿದ.

"ಮೂಗಿಗೊಂದು ತೋಳು ಹೊಲ್ಕೋ. ಗಿಡ್ಡ ಹೊಲೀಬೇಡ," ಎಂದು ಅಜ್ಜಿ ಬಾಗಿಲು ಹಾಕಿಕೊಂಡಳು. ಆದರೆ ಒಳಗೆ ಬಂದವಳು ಜಾಡಿಗಳ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಸೊಸೆಯನ್ನು ಕರೆದಳು.

"ಸ್ವಲ್ಪ ಮೂಸಿ ನೋಡು. ನನಗೆ ನೆಗಡಿ."

ಸೊಸೆ ಬಟ್ಟೆ ಸರಿಸಿ ಬಗ್ಗಿದಳು. ಕಣ್ಣಲ್ಲಿ ನೀರು ಬಂತು.

"ಹುಳಿ ಏನಾದ್ರೂ ಇದೆಯಾ?"

"ಇಲ್ಲ ಅತ್ತೆ. ಹೊಸ ಜಾಡಿ ವಾಸನೆ ಹೀಗೇ ಅಲ್ವಾ?"

"ಹಾಗಾದ್ರೆ ಸರಿ. ಆ ಟೈಲರ್ ಬಾಯಿ ಯಾವತ್ತೂ ಅಷ್ಟೇ," ಎಂದು ಅಜ್ಜಿ ಸೊಸೆಯ ತೋಳು ತಟ್ಟಿದಳು. "ನಿನ್ನಂಥವಳು ಪಕ್ಕದಲ್ಲಿದ್ರೆ ನನಗೇನು ಚಿಂತೆ."

ಸೊಸೆ ಹಿತ್ತಲಿಗೆ ಹೋಗಿ ಒಗೆದ ಬಟ್ಟೆಯನ್ನೇ ಮತ್ತೊಮ್ಮೆ ಒಗೆದಳು.

ಬೀಗರಾಗುವವರು ಬಂದ ದಿನ ಮನೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹುಡುಗನ ಅಪ್ಪ ಅಂಚೆ ವ್ಯಾನಿನ ಡ್ರೈವರ್, ಗುಂಡು ಹೊಟ್ಟೆಯ ಹಸನ್ಮುಖಿ. ತಾಯಿ ಮಿತಭಾಷಿ, ನರ್ಸು. ಹುರಿದ ಮೀನು, ಬೇಯಿಸಿದ ಆಲೂಗಡ್ಡೆ, ಸೊಸೆ ಬೇಕರಿಯಿಂದ ತಂದ ಬಿಸಿ ಬ್ರೆಡ್ಡು, ದೊಡ್ಡ ತಟ್ಟೆ ತುಂಬ ಹೆಚ್ಚಿದ ಸೌತೆಕಾಯಿ ಮೇಜಿನ ಮೇಲಿತ್ತು. ಅಂಗಡಿಯ ಬಾಟಲಿ ಸಿಂಕಿನ ಕೆಳಗೆ ಅವಿತಿತ್ತು. ಇಬ್ಬರು ಡ್ರೈವರುಗಳು ರಸ್ತೆ ಗುಂಡಿಗಳ ಬಗ್ಗೆ ಮಾತಿಗಿಳಿದರು, ಮಗನಿಗೆ ಬಾಟಲಿಯೂ ಮರೆತುಹೋಯಿತು. ನೆನಪಾಗಿ ಒಳಗೆ ಓಡುವಷ್ಟರಲ್ಲಿ ಅಜ್ಜಿ ಒಗೆದ ಸೀರೆಯುಟ್ಟು, ಗಾಜಿನ ಸಣ್ಣ ಹೂಜಿಯಲ್ಲಿ ತನ್ನ ವೈನು ತುಂಬಿ, ತಾನೇ ತಂದು ಮೇಜಿನ ನಡುವೆ, ಸೌತೆಕಾಯಿ ತಟ್ಟೆಯ ಪಕ್ಕದಲ್ಲಿ ಇಟ್ಟಾಗಿತ್ತು.

"ಹೋದ ವರ್ಷದ್ದು. ಲೋಟ ತರ್ತೀನಿ, ಇರಿ," ಎಂದು ಅಡುಗೆಮನೆಗೆ ಹೋದಳು.

ಹುಡುಗನ ಅಪ್ಪನಿಗೆ ಅದು ಕೇಳಿಸಲಿಲ್ಲ. ಹೂಜಿ ಎತ್ತಿ ಮೂಸಿ ನೋಡಿ ಸೌತೆಕಾಯಿಯ ಮೇಲೆ ಧಾರಾಳವಾಗಿ ಸುರಿದುಕೊಂಡರು. ಮೇಲೆ ಚೂರು ಉಪ್ಪು ಉದುರಿಸಿ ಬಾಯಿಗಿಟ್ಟರು. ಮಗ, ಸೊಸೆ, ಗಿಣಿ ಮೂವರೂ ಬಾಯಿಗೆ ಬೀಗ ಬಿದ್ದವರಂತೆ ಕೂತಿದ್ದರು.

"ಆಹಾ! ಈ ಥರ ವಿನೆಗರ್ ತಿಂದು ಯಾವ ಕಾಲ ಆಯ್ತು. ಅಂಗಡೀದು ಬರೀ ಘಾಟು, ಇದರಲ್ಲಿ ಏನೋ ಸೊಪ್ಪಿನ ವಾಸನೆ ಇದೆ. ಮನೇಲೇ ಮಾಡಿದ್ದಾ?"

ಅಜ್ಜಿ ಲೋಟಗಳ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ನರ್ಸಮ್ಮನಿಗೆ ಲೋಟಗಳನ್ನು ನೋಡಿದ ಕೂಡಲೇ ಅರ್ಥವಾಯಿತು. ಗಂಡನ ಮೊಣಕೈ ತಿವಿದರು. ಆದರೆ ಅವರು ನಿರ್ಮಲವಾದ ಮನಸ್ಸಿನವರು, ಇನ್ನೆರಡು ಹೋಳು ತಿಂದರು. "ಯಾಕೆ? ಚೆನ್ನಾಗಿರೋದನ್ನ ಚೆನ್ನಾಗಿದೆ ಅನ್ನಬಾರದಾ?"

"ಹೌದು, ಮನೇಲೇ ಮಾಡಿದ್ದು," ಎಂದಳು ಅಜ್ಜಿ. ದನಿಯಲ್ಲಿ ಏನೂ ಏರುಪೇರಿರಲಿಲ್ಲ. ಟ್ರೇ ಇಟ್ಟಳು, ಲೋಟಗಳಿಗೆ ನೀರು ತುಂಬಿ ಎಲ್ಲರಿಗೂ ಕೊಟ್ಟಳು. "ಹೋಗುವಾಗ ಒಂದು ಬಾಟಲಿ ತಗೊಂಡು ಹೋಗಿ. ಇನ್ನೂ ಬೇಕಾದಷ್ಟಿದೆ." ಊಟ ಮುಗಿಯುವ ತನಕ ಬೀಗರನ್ನು ವಿಚಾರಿಸಿಕೊಂಡಳು, ಹುಡುಗನನ್ನು ಛೇಡಿಸಿದಳು, ಗಿಣಿಯ ಕೈಯನ್ನು ಅವನ ಕೈಯಲ್ಲಿಟ್ಟು ನಕ್ಕಳು. 

ಬೀಗರ ವ್ಯಾನು ಬೀದಿಯ ತಿರುವು ದಾಟಿದ ಮೇಲೆ ಅಜ್ಜಿ ಒಳಗೆ ಬಂದು ಕೂತಳು.

"ಯಾವತ್ತಿಂದ?"

ಸೊಸೆ ಮೇಜಿನ ಮೇಲಿನ ತಟ್ಟೆಗಳನ್ನು ಎತ್ತಲು ಹೊರಟಳು.

"ಕೇಳ್ತಿರೋದು ನಿಮ್ಮನ್ನೇ. ಸೌಟು ಹಾಕಿದ ದಿನವೇ ಹುಳಿಯಾಗಿತ್ತಾ?"

"ಅಮ್ಮ, ನಿನಗೆ ಬೇಜಾರಾಗುತ್ತೆ ಅಂತ. ಡಾಕ್ಟರು ಹೇಳಿದ್ರಲ್ಲ. ನಿನಗೆ ಮೂಗು ಬೇರೆ..."

"ನನ್ನ ಮೂಗಿನ ವಿಷಯ ನನಗೆ ಗೊತ್ತಿಲ್ವೇನೋ?" ಅಜ್ಜಿ ಕೂಗಿದಳು. "ಜ್ವರ ಬಿಟ್ಟ ದಿನ ಗೊತ್ತಾಯ್ತು. ಸೋಪು ಮೂಸಿದೆ, ಬೆಳ್ಳುಳ್ಳಿ ಮೂಸಿದೆ, ನಿಮ್ಮಪ್ಪನ ಕೋಟು ಮೂಸಿದೆ. ಏನೂ ಇಲ್ಲ. ಗೋಡೆ ಮೂಸಿದ ಹಾಗೆ. ನಾಲಿಗೆಗೂ ಏನೂ ಹತ್ತಲ್ಲ."

"ಹೇಳಬೇಕಿತ್ತಲ್ಲ ಅಜ್ಜಿ," ಎಂದಳು ಗಿಣಿ, ಅಳುತ್ತಾ.

"ಹೇಳಿದ್ರೆ ಏನು ಮಾಡ್ತಿದ್ರಿ? ಪಾಪ ಅಂತ ಮೂಲೇಲಿ ಕೂರಿಸ್ತಿದ್ರಿ. ಹೇಳಬೇಕಿತ್ತು, ನನ್ನದೂ ತಪ್ಪೇ. ಆದ್ರೆ ನನಗೆ ಒಂದು ಧೈರ್ಯ ಇತ್ತು. ನನಗೆ ಗೊತ್ತಾಗದಿದ್ರೇನು, ಮನೇಲಿ ಮೂರು ಜನ ಇದಾರೆ, ಕುಡಿದು ನೋಡಿ ಹೇಳ್ತಾರೆ ಅಂತ. ಅದಕ್ಕೇ ಗಿಣಿ, ನಿನ್ನ ಮೂಗಿಗೆ ಎಲೆ ಹಿಡಿದೆ. ಅದಕ್ಕೇ ನಿನ್ನ ಕರೆದು ಮೂಸು ಅಂದೆ," ಎಂದು ಸೊಸೆಯ ಕಡೆ ತಿರುಗಿದಳು. "ಎರಡು ಸಲ ಕೇಳಿದೆ ನಿನ್ನ. ಎರಡು ಸಲ!"

"ತಪ್ಪಾಯ್ತು ಅತ್ತೆ. ಬಟ್ಟೆ ಬಿಗಿಮಾಡದೆ ಬಿಟ್ಟಿದ್ದೂ ನಾನೇ."

"ಬಟ್ಟೆ ಹಾಳಾಗ್ಲಿ. ವೈನು ಯಾರಿಗೆ ಕೆಡಲ್ಲ? ನನ್ನ ಮೊದಲ ಜಾಡಿಯನ್ನ ನಮ್ಮತ್ತೆ ಎಲ್ಲರ ಮುಂದೆ ಮೋರಿಗೆ ಸುರಿದ್ರು. ಹೊಸ ಹುಡುಗಿ, ಅತ್ತುಬಿಟ್ಟೆ. ಮಾರನೇ ದಿನ ಅವರೇ ಪಕ್ಕದಲ್ಲಿ ಕೂತು ಕಲಿಸಿದ್ರು. ಆಮೇಲೆ ಅವರು ಚೆನ್ನಾಗಿದೆ ಅಂದ ದಿನ ನನಗೆ ಹೇಗಾಯ್ತು ಗೊತ್ತಾ? ಅವರು ಅಂದ್ರೆ ಅದು ನಿಜವಾಗಿರ್ತಿತ್ತು." ಉಸಿರು ತೆಗೆದುಕೊಳ್ಳಲು ನಿಂತಳು. ಆಮೇಲೆ ದನಿ ಇಳಿಯಿತು. "ಹೋಗ್ಲಿ. ಹಳೇ ಬಾಟಲಿ ಒಂದಾದ್ರೂ ಇದೆಯಾ? ಅದರದ್ದು ಒಂದು ಸೌಟು ಸಿಕ್ಕಿದ್ರೆ ಸಾಕು, ಮತ್ತೆ ಮಾಡಬಹುದು."

ಮಗ ನೆಲ ನೋಡುತ್ತಾ ಹೇಳಿದ, "ಡಿಪೋಗೆ ಕೊಟ್ಟೆಯಲ್ಲಮ್ಮ."

"ಹೌದಲ್ಲ. ನಾನೇ ಕೊಟ್ಟೆ," ಎಂದಳು ಅಜ್ಜಿ. "ಹೊಸದೇ ಚೆನ್ನಾಗಿದೆ ಅಂದ್ರಿ."

ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಎದ್ದುಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಮಾರನೇ ದಿನ ಮಗ ಡಿಪೋದ ಒಂದೊಂದು ಕಪಾಟನ್ನೂ ತಡಕಿದ. ಮೂರರಲ್ಲಿ ಎರಡು ಬಾಟಲಿ ಗುಜರಿಗೆ ಹೋಗಿದ್ದವು. ಮೂರನೆಯದು ಒಬ್ಬ ಕಂಡಕ್ಟರನ ಸೀಟಿನ ಕೆಳಗೆ ಸಿಕ್ಕಿತು. ಕುಡಿಯುವ ನೀರು ತುಂಬಿಸಿಕೊಂಡಿದ್ದ.

"ತಳದಲ್ಲಿ ಸ್ವಲ್ಪ ಗಸಿ ಇತ್ತಲ್ಲ?" ಎಂದು ಮಗ ಕೇಳಿದ.

"ಗಸಿನಾ? ಎರಡು ಸಲ ಸೋಪು ಹಾಕಿ ತಿಕ್ಕಿದೀನಿ ಅಣ್ಣ, ಗಾಜು ನೋಡು ಹೇಗೆ ಹೊಳೀತಿದೆ," ಎಂದ ಕಂಡಕ್ಟರ್ ಹೆಮ್ಮೆಯಿಂದ. ಆದರೂ ಮಗ ಆ ಬಾಟಲಿಯನ್ನು ಮನೆಗೆ ತಂದು ತಾಯಿಯ ಮುಂದಿಟ್ಟ. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿ ಸಿಂಕಿನ ಪಕ್ಕ ಬೋರಲು ಹಾಕಿದಳು.

ಜಾಡಿಗಳನ್ನು ಅವಳೇ ಮೋರಿಗೆ ಸುರಿದಳು. ಬೀಗರಿಗೆಂದು ಎರಡು ಬಾಟಲಿ ಮಾತ್ರ ಎತ್ತಿಟ್ಟಳು. "ಪಾಪ, ಬಾಯಿಬಿಟ್ಟು ಹೇಳಿದ ಪುಣ್ಯಾತ್ಮ," ಎಂದಳು. ಸೊಸೆ ಜಾಡಿಗಳನ್ನು ಕುದಿನೀರಲ್ಲಿ ತೊಳೆದು ಬಿಸಿಲಿಗಿಟ್ಟಳು. ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಅಡುಗೆಯಾಗುತ್ತಿತ್ತು, ಊಟವಾಗುತ್ತಿತ್ತು, ಮಾತು ಮಾತ್ರ ಬೇಕಾದಷ್ಟೇ. ಸೊಸೆ ಬೇಕೆಂದೇ ಬೇಳೆಗೆ ಉಪ್ಪು ಹಾಕದೆ ಬಡಿಸಿದಳು, ಗಂಡನ, ಮಗಳ ಮುಖದಿಂದಲಾದರೂ ಅತ್ತೆಗೆ ತಿಳಿದು ಬೈಯಲಿ ಎಂದು. ಅಜ್ಜಿ ಅವರ ಮುಖ ನೋಡಲೇ ಇಲ್ಲ. ತಟ್ಟೆ ಖಾಲಿ ಮಾಡಿ ಎದ್ದಳು.

ಆ ಹೊತ್ತಿಗೆ ರೈಲ್ವೆಯವರು ಬಂದು ಬಳ್ಳಿ ಬೋಳಿಸಿ ಹೋದರು. ಬೋಳಿಸಿದ ಬುಡದಿಂದ ಮತ್ತೆ ಚಿಗುರೊಡೆಯಿತು. ಅದನ್ನು ಮೊದಲು ನೋಡಿದವನು ಮಗ, ಬಸ್ಸಿನ ಕಿಟಕಿಯಿಂದ. ಆ ಭಾನುವಾರ ಯಾರೂ ಹೇಳುವ ಮುಂಚೆ ಅವನೇ ದಿಂಬಿನ ಚೀಲಗಳನ್ನು ತೆಗೆದ.

"ಅಮ್ಮ, ಎರಡನೇ ಚಿಗುರು ಬಂದಿದೆ. ಬಾ."

"ಸೌಟೇ ಇಲ್ಲ, ಏನು ಮಾಡ್ತೀಯ?"

"ಅತ್ತೆ, ಬೇಕರಿ ಯೀಸ್ಟ್ ಹಾಕೋಣ," ಎಂದಳು ಸೊಸೆ. "ಅದು ನಿಮ್ಮತ್ತೆಯವರದ್ದಾಗಲ್ಲ, ನನಗೆ ಗೊತ್ತು. ಆದ್ರೂ ಹಾಕೋಣ."

ಅಜ್ಜಿ ಒಂದು ಚೀಲ ತೆಗೆದುಕೊಂಡು ಎದ್ದಳು. ಗೋಡೆಯ ಬಳಿ ನಿಂತು ಮೂರೆಲೆ ಲೆಕ್ಕ ಹೇಳಲಿಲ್ಲ, ಕೈ ಮೇಲೆ ಬಾರಿಸುತ್ತೇನೆ ಎನ್ನಲಿಲ್ಲ. ಮಗ ಬೇಕೆಂದೇ ನಾಲ್ಕನೇ ಎಲೆ ಕಿತ್ತು ಅವಳಿಗೆ ಕಾಣುವ ಹಾಗೆ ಹಿಡಿದ. ಅವಳು ನೋಡಿ, ತನ್ನ ಪಾಡಿಗೆ ಎಲೆ ಕೀಳುತ್ತಾ ಹೋದಳು. ಅವನೇ ಅದನ್ನು ಕೆಳಗೆ ಎಸೆದ.

ಎಲೆ ನೆನೆಯಿತು, ಸೋಸಿದರು, ಯೀಸ್ಟ್ ಬಿತ್ತು. ಸೊಸೆ ದಿನಕ್ಕೆರಡು ಬಾರಿ ಬಟ್ಟೆ ಬಿಗಿಮಾಡಿದಳು. ಗಿಣಿ ಅಂಗಡಿಗೆ ಹೊರಡುವ ಮುಂಚೆ ಮೂಸಿ ನೋಡಿ, "ಇವತ್ತು ಸ್ವಲ್ಪ ಹಿಟ್ಟಿನ ವಾಸನೆ ಇದೆ ಅಜ್ಜಿ," "ಇವತ್ತು ಕಮ್ಮಿಯಾಗಿದೆ," ಎಂದು ಇದ್ದದ್ದನ್ನು ಇದ್ದ ಹಾಗೆ ವರದಿ ಒಪ್ಪಿಸುತ್ತಿದ್ದಳು. ಅಜ್ಜಿ "ಹೌದಾ" ಅನ್ನುತ್ತಿದ್ದಳು. ವೈನು ತಿಳಿಯಾಗುವ ಹೊತ್ತಿಗೆ ಗಿಣಿಯ ಮದುವೆಯ ಊಟಕ್ಕೆ ಕೆಲವೇ ದಿನ ಉಳಿದಿತ್ತು.

ಒಂದು ಸಂಜೆ ಎಲ್ಲರೂ ಜಾಡಿಯ ಸುತ್ತ ಕೂತರು. ಮೊದಲು ಮಗ ಕುಡಿದ. ಅವನ ಮುಖ ತಾನಾಗೇ ಅರಳಿತು.

"ಅಮ್ಮ, ಚೆನ್ನಾಗಿದೆ. ಹಳೇದರಷ್ಟು ಪರಿಮಳ ಇಲ್ಲ, ಸ್ವಲ್ಪ ಸಪ್ಪೆ. ಆದ್ರೆ ಚೆನ್ನಾಗಿದೆ. ನಿನ್ನಾಣೆ."

"ಹೌದು ಅತ್ತೆ. ಸಿಹಿ ಒಂದು ಚೂರು ಮುಂದಿದೆ. ಹುಳಿ ಇಲ್ಲವೇ ಇಲ್ಲ," ಎಂದಳು ಸೊಸೆ.

"ಅಜ್ಜಿ, ನಿಜವಾಗ್ಲೂ ಚೆನ್ನಾಗಿದೆ. ಈ ಸಲ ನಿಜ," ಎಂದಳು ಗಿಣಿ. 'ಈ ಸಲ' ಎಂದದ್ದಕ್ಕೆ ಅವಳೇ ನಾಲಿಗೆ ಕಚ್ಚಿಕೊಂಡಳು.

"ಹೌದಾ," ಎಂದಳು ಅಜ್ಜಿ. ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ. ಬಟ್ಟೆ ಅಂಗಡಿಯಲ್ಲಿ ಬಣ್ಣ ಹೋಗುವುದಿಲ್ಲ ಎಂದು ಹೇಳುವವನನ್ನು ಗಿರಾಕಿ ನೋಡುವುದು ಹಾಗೆ. ಆಮೇಲೆ ಒಂದು ಲೋಟ ತುಂಬಿ, ಮೇಲೆ ತಟ್ಟೆ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಬಾಗಿಲು ದಾಟಿದಳು.

ಮೂವರೂ ಕಿಟಕಿಗೆ ಬಂದರು. ಅಜ್ಜಿ ಬೀದಿ ದಾಟಿ ಟೈಲರನ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಳು. ಗಂಡ ಸತ್ತ ಮೇಲೆ ಆ ಮೆಟ್ಟಿಲನ್ನು ಅವಳು ತುಳಿದಿರಲಿಲ್ಲ. ಟೈಲರ್ ಗಾಬರಿಯಾಗಿ ಮೆಷಿನ್ ನಿಲ್ಲಿಸಿದ. ಅಳತೆಯ ಟೇಪು ಕೊರಳಲ್ಲೇ ಇತ್ತು.

"ಕುಡಿದು ನೋಡು. ಹೇಗಿದೆ ಹೇಳು."

"ನಾನಾ?"

"ನೀನೇ."

ಅವನು ಅನುಮಾನದಿಂದ ಒಂದು ಗುಟುಕು ಹಾಕಿದ, ಬಾಯಲ್ಲಿ ಹೊರಳಿಸಿದ, ಮತ್ತೊಂದು ಗುಟುಕು ಹಾಕಿದ. ಅಜ್ಜಿ ಎರಡೂ ಕೈಯಲ್ಲಿ ತಟ್ಟೆ ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು. ಆ ನಿಲುವು ಮಗನಿಗೆ ಚೆನ್ನಾಗಿ ಗೊತ್ತಿತ್ತು. ಅವತ್ತು ಸೌಟು ಹಿಡಿದು ತನ್ನ ಮುಂದೆ ನಿಂತಿದ್ದವಳು ಹೀಗೇ ನಿಂತಿದ್ದಳು.

"ಪರವಾಗಿಲ್ಲ. ಸಿಹಿ ಸ್ವಲ್ಪ ಜಾಸ್ತಿ. ಚೆನ್ನಾಗೇ ಇದೆ," ಎಂದ ಟೈಲರ್.

"ನಿಜಾನಾ?"

"ನಿಮಗೆ ಸುಳ್ಳು ಹೇಳಿ ನನಗೇನಮ್ಮ ಆಗಬೇಕು?"

ಅಜ್ಜಿಯ ಭುಜ ಸಡಿಲವಾಯಿತು. ಲೋಟ ಅವನಿಗೇ ಬಿಟ್ಟು ಬೀದಿ ದಾಟಿ ಬಂದಳು. ಒಳಗೆ ಮೂವರೂ ತಮ್ಮ ತಮ್ಮ ಲೋಟ ಹಿಡಿದು ನಿಂತಲ್ಲೇ ನಿಂತಿದ್ದರು. ಅವಳು ಚಪ್ಪಲಿ ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಬಹಳ ದಿನಗಳ ಮೇಲೆ ನಕ್ಕಳು.

"ಚೆನ್ನಾಗಿದೆಯಂತೆ," ಎಂದಳು.

"ನಾವೂ ಅದನ್ನೇ ಹೇಳಿದ್ವಲ್ಲಮ್ಮ," ಎಂದ ಮಗ.

"ಹೌದಪ್ಪ. ಹೇಳಿದ್ರಿ," ಎಂದು ಅಜ್ಜಿ ಮದುವೆಯ ಊಟಕ್ಕೆ ಬಾಟಲಿಗಳನ್ನು ತುಂಬಲು ಕೂತಳು.